ಗಂಟೆಮನೆಯ ಕುರ್ಚಿ

ಮಗಳು ದಮಿಗೊಂದು ಕುರ್ಚಿ ಬೇಕೆಂದು ಆ ತಿಂಗಳು ನಾನು ನಮ್ಮೂರಿನ ಮುಕ್ಕಾಲು ಪಾಲು ಕುರ್ಚಿಗಳ ಮೇಲೆ ಕೂತು ಎದ್ದೆ. ಸೊಸೆ ಹುಡುಕುವವರೂ ಇಷ್ಟು ಮನೆಗಳ ಮೆಟ್ಟಿಲು ಹತ್ತಿ ಇಳಿದಿರಲಾರರು. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯ ಒರಗನ್ನು ಒತ್ತಿ ನೋಡುವುದು, ಆಮೇಲೆ ಕ್ಷೇಮಸಮಾಚಾರ. ಕೊನೆಕೊನೆಗೆ ನಾನು ಬೀದಿಯಲ್ಲಿ ಬರುವುದು ಕಂಡರೆ ಸಾಕು, "ವೇಣಕ್ಕ ಬಂದ್ರು, ಕುರ್ಚಿ ಒಳಗಿಡ್ರೋ, ಕೂತ್ರೆ ಎದ್ದೇಳಲ್ಲ" ಎಂದು ನಗುತ್ತಿದ್ದರು. ಆದರೆ ನನ್ನ ತೊಂದರೆ ಅದಲ್ಲ. ನಾನು ಕೂತರೆ ಸುಖವಾಗಿಯೇ ಇರುತ್ತಿತ್ತು. ಅವಳು ಕೂತರೆ ಆಗುತ್ತಿರಲಿಲ್ಲ.

ನಮ್ಮೂರು ಬೆಳಿಗ್ಗೆ ಮೂಡಣಕ್ಕೆ ವಾಲಿರುತ್ತದೆ. ಹೊತ್ತೇರಿದಂತೆ ಮೆಲ್ಲಗೆ ಮೇಲೆದ್ದು ಮಧ್ಯಾಹ್ನದ ಹೊತ್ತಿಗೆ ನೆಟ್ಟಗಾಗುತ್ತದೆ, ಸಂಜೆಗೆ ಪಡುವಣಕ್ಕೆ ವಾಲುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮತ್ತೆ ಮೂಡಣಕ್ಕೆ ಹೊರಳುತ್ತದೆ, ಅದಕ್ಕೇ ನಮ್ಮ ಮಂಚಗಳಿಗೆ ಎರಡೂ ಬದಿಗೆ ತಡೆಹಲಗೆ. ನಮ್ಮನೆಯವರು ಬಸ್ ನಿಲ್ದಾಣದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾರೆ. ಬೆಳಗಿನ ದೋಸೆ ಮೂಡಣದ ಅಂಚಿಗೆ ಮೆತ್ತಗೆ ದಪ್ಪ, ಪಡುವಣದ ಅಂಚಿಗೆ ಗರಿಗರಿ. ಹಲ್ಲಿಲ್ಲದ ಗಂಡನೂ ಹಲ್ಲಿರುವ ಹೆಂಡತಿಯೂ ಒಂದೇ ದೋಸೆ ತರಿಸಿ ಹಂಚಿಕೊಂಡು ತಿನ್ನುವುದು ನಮ್ಮೂರಲ್ಲಿ ಮಾತ್ರ. ನಮ್ಮತ್ತೆ ಬೆಳಿಗ್ಗೆ ಮೂಡಣದ ಗೋಡೆಗೆ ಒರಗಿ ಕೂರುತ್ತಾರೆ, ಊಟ ಮುಗಿಸಿ ಎದ್ದು ಪಡುವಣದ ಗೋಡೆಗೆ ಹೋಗುತ್ತಾರೆ. ದಿನಕ್ಕೊಮ್ಮೆ ಪ್ರವಾಸ ಮಾಡ್ತೀನಿ ಎನ್ನುತ್ತಾರೆ.

ಮನೆಮನೆಯಲ್ಲೂ ಒಂದು ಬುಟ್ಟಿ ಬೆಣೆ ಇರುತ್ತದೆ. ಒಂದು ತುದಿ ದಪ್ಪ, ಒಂದು ತುದಿ ಚೂಪಾದ ಮರದ ತುಂಡು, ಮೈಮೇಲೆ ಹನ್ನೊಂದು ಗೆರೆ. ಬೆಳಿಗ್ಗೆ ಕುರ್ಚಿಯ ಮೂಡಣದ ಕಾಲುಗಳ ಕೆಳಗೆ ಹನ್ನೊಂದೂ ಗೆರೆ ಒಳಗೆ ಹೋಗುವಂತೆ ತಳ್ಳಿದರೆ ಕುರ್ಚಿ ನೆಟ್ಟಗೆ ನಿಲ್ಲುತ್ತದೆ. ಗಂಟೆಮನೆಯಲ್ಲಿ ಗಂಟೆ ಬಾರಿಸಿದಾಗಲೆಲ್ಲ ಎದ್ದು ಒಂದು ಗೆರೆ ಹೊರಗೆಳೆಯಬೇಕು. ಊರು ನೆಟ್ಟಗಾದ ಹೊತ್ತಿಗೆ ಸಮಗಳಿಗೆ ಎನ್ನುತ್ತೇವೆ, ಆಗ ಬೆಣೆಯೇ ಬೇಡ. ತಾಳಿ ಕಟ್ಟುವುದು, ಮಗುವಿನ ತೂಕ ನೋಡುವುದು, ಅಡಿಪಾಯ ಹಾಕುವುದು ಎಲ್ಲ ಆಗಲೇ. ಅದು ದಾಟಿದರೆ ಪಡುವಣದ ಕಾಲುಗಳ ಕೆಳಗೆ ಗಂಟೆಗೊಂದು ಗೆರೆ ಒಳಕ್ಕೆ. ದಿನಕ್ಕೆ ಇಪ್ಪತ್ತೆರಡು ಗಂಟೆ, ಒಂದೊಂದಕ್ಕೂ ಮೂರು ಬಡಿತ. ಮನೆಗೆ ನೆಂಟರು ಬಂದರೆ ನೀರು, ಬೆಲ್ಲ, ಒಂದು ಜೊತೆ ಬೆಣೆ ಕೊಡುತ್ತೇವೆ. ಬೆಣೆ ಕೊಡದೆ ಕೂರಿಸಿದವರ ಮನೆಗೆ ಯಾರೂ ಎರಡನೇ ಸಲ ಹೋಗುವುದಿಲ್ಲ.

ದಮಯಂತಿ, ನನ್ನ ಒಬ್ಬಳೇ ಮಗಳು, ಅಂಬೆಗಾಲಿಡುವಾಗಲೇ ಗಂಟೆಗಿಂತ ಒಂದು ಉಸಿರು ಮುಂಚೆ ತಲೆಯೆತ್ತಿ ನೋಡುತ್ತಿದ್ದಳು. ಮಾತು ಬಂದ ಮೇಲೆ ಅಂಗಾಲನ್ನು ನೆಲಕ್ಕೆ ಒತ್ತಿ ನಿಂತು "ಈಗ" ಅನ್ನುವಳು, ಅಂದ ಹಿಂದೆಯೇ ಟಣ್ ಎನ್ನುವುದು. ಎಲ್ಲ ಮಕ್ಕಳಿಗೂ ಹಾಗೇ ಏನೋ ಎಂದುಕೊಂಡು ನಾನು ಸುಮ್ಮನಿದ್ದೆ. ದೊಡ್ಡವಳಾದ ಮೇಲೆ ಹೊಲಿಗೆ ಕಲಿಯಲು ಹಾಕಿದೆವು, ಗುಂಡಿ ಹೊಲಿಯುವುದಕ್ಕೇ ಎರಡು ತಿಂಗಳು ಹಿಡಿಯಿತು. ಶಿಶುವಿಹಾರದಲ್ಲಿ ಪದ್ಯ ಹೇಳಿಕೊಡಲು ಹೋದಳು, ಮಕ್ಕಳಿಗಿಂತ ಮೊದಲು ಇವಳಿಗೇ ನಾಚಿಕೆ. ಯಾವುದರಲ್ಲೂ ನಿಲ್ಲಲಿಲ್ಲ. ಇಪ್ಪತ್ಮೂರು ತುಂಬಿದಾಗ ಗಂಟೆಮನೆಯಲ್ಲಿ ಮಟ್ಟ ನೋಡುವ ಕೆಲಸ ಖಾಲಿಯಾಯಿತು. ಗೋಡೆಯ ಮೇಲೆ ಮಾರುದ್ದದ ಗಾಜಿನ ರಸಮಟ್ಟ ಇದೆ. ಅದರೊಳಗಿನ ಗುಳ್ಳೆ ಒಂದೊಂದು ಗೆರೆ ಮುಟ್ಟಿದಾಗಲೂ ಗಂಟೆ ಬಾರಿಸಿ ಪುಸ್ತಕದಲ್ಲಿ ಬರೆಯಬೇಕು. ಮೊದಲ ದಿನ ಸಂಜೆ ದಮಿ ಮನೆಗೆ ಬಂದಾಗ ಅವಳ ಮುಖದಲ್ಲಿದ್ದ ಬೆಳಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಅಮ್ಮ, ನನಗೆ ಗೊತ್ತಾಗೋದು ಅಲ್ಲಿ ಬೇಕಾಗುತ್ತೆ ಕಣಮ್ಮ" ಅಂದಳು.

ಗಂಟೆಮನೆಯ ಯಜಮಾನರು ಶೇಷಗಿರಯ್ಯನವರು. ಹಿಂದೆ ಮೂವತ್ತು ವರ್ಷ ಅದೇ ಮಟ್ಟದ ಮುಂದೆ ಕೂತಿದ್ದವರು. ಈಗ ಕೆಳಗಿನ ಕೋಣೆಯಲ್ಲಿ ಕೂರುತ್ತಾರೆ. ಸೊಂಟ ಬಲಕ್ಕೊಮ್ಮೆ ಎಡಕ್ಕೊಮ್ಮೆ ಬಳುಕುವುದರಿಂದ ಕೋಲು ಹಿಡಿದೇ ನಡೆಯುತ್ತಾರೆ. ಅವರ ನಿಯಮ ಮೂರು. ಬೆಳಗಿನ ಮೊದಲ ಗಂಟೆಯಿಂದ ಸಂಜೆಯ ಕೊನೆಯ ಗಂಟೆಯವರೆಗೆ ಕೂತವರು ಸಮಗಳಿಗೆಯಲ್ಲಲ್ಲದೆ ಏಳಬಾರದು, ಎದ್ದರೆ ಗುಳ್ಳೆಯ ಮೇಲಿನ ಕಣ್ಣು ತಪ್ಪೀತು. ಒಂದು ತಿಂಗಳು ಪರೀಕ್ಷೆ, ಅಷ್ಟರಲ್ಲಿ ಮೂರು ಗಂಟೆ ತಪ್ಪಿದರೆ ಕೆಲಸವಿಲ್ಲ. ಮೇಜು ಗಂಟೆಮನೆಯದು, ಕುರ್ಚಿ ಅವರವರದು.

ನಮ್ಮಡುಗೆಮನೆಯಲ್ಲಿ ಅಟ್ಟದ ಡಬ್ಬ ಇಳಿಸಲು ಹತ್ತುತ್ತಿದ್ದ ಒಂದು ಹಳೇ ಮರದ ಕುರ್ಚಿ ಇತ್ತು. ಒಂದು ಕೈ ಮುರಿದಿದ್ದರೂ ಗಟ್ಟಿಮುಟ್ಟು. ಮೊದಲ ವಾರ ಅದನ್ನೇ ಹೊರಿಸಿ ಕಳಿಸಿದೆ. ನಾಲ್ಕನೇ ದಿನಕ್ಕೆ ದಮಿ ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದಳು. ಅವಳು ಏಳುವ ಹಾಗಿಲ್ಲವಾದ್ದರಿಂದ ಬೆಣೆ ಸರಿಸುವ ಹಾಗೂ ಇಲ್ಲ. ಊರಿಗೆಲ್ಲ ನೆಟ್ಟಗಾಗಿ ಎಂದು ಗಂಟೆ ಬಾರಿಸುವವಳು ತಾನು ಮಾತ್ರ ಬೆಳಿಗ್ಗೆ ಬಲಕ್ಕೆ, ಸಂಜೆ ಎಡಕ್ಕೆ ವಾಲಿಕೊಂಡು ಕೂರುತ್ತಿದ್ದಳು. ಹರಳೆಣ್ಣೆ ಬಿಸಿ ಮಾಡಿ ಬೆನ್ನಿಗೆ ತಿಕ್ಕುವಾಗ ಹಲ್ಲು ಕಚ್ಚಿಕೊಂಡು, "ಏನಿಲ್ಲಮ್ಮ, ಅಭ್ಯಾಸ ಆಗುತ್ತೆ" ಅಂದಳು. ಅಭ್ಯಾಸವಾದವರ ಸೊಂಟ ಹೇಗಾಗುತ್ತದೆಂದು ನಾನು ಶೇಷಗಿರಯ್ಯನವರಲ್ಲಿ ದಿನಾ ನೋಡುತ್ತಿದ್ದೆನಲ್ಲ. ಮರುದಿನದಿಂದಲೇ ಕುರ್ಚಿ ಹುಡುಕಲು ಹೊರಟೆ.

ನೂರಂದಪ್ಪನ ಕುರ್ಚಿ ಅಂಗಡಿ ತೆರೆಯುವುದೇ ಸಮಗಳಿಗೆಯಲ್ಲಿ. ಊರು ನೆಟ್ಟಗಿರುವ ಅಷ್ಟೇ ಹೊತ್ತು ಬಾಗಿಲು ತೆಗೆದು, ಮತ್ತೆ ವಾಲುವ ಮುಂಚೆ ಮುಚ್ಚಿಬಿಡುತ್ತಾನೆ. ಆ ಹೊತ್ತಿನಲ್ಲಿ ಎಂಥ ಕುರ್ಚಿಯ ಮೇಲೆ ಕೂತರೂ ಸಿಂಹಾಸನವೇ. ನಮ್ಮೂರಲ್ಲಿ ಕುರ್ಚಿ ಕೊಂಡು ಮೋಸಹೋಗದ ಮನೆಯಿಲ್ಲ, ಆದರೂ ಎಲ್ಲರೂ ಅಲ್ಲಿಗೇ ಹೋಗುತ್ತೇವೆ.

"ಕೂತ್ಕೊಳಿ ವೇಣಕ್ಕ, ಕೂತ್ಕೊಂಡು ಮಾತಾಡಿ. ಇದು ಸ್ಪಂಜು, ಇದು ಬೆತ್ತ, ಇದು ತಿರುಗೋದು" ಎಂದು ಒಂದರಿಂದ ಒಂದಕ್ಕೆ ನನ್ನನ್ನು ಕುಳ್ಳಿರಿಸಿದ.

"ಇದೆಲ್ಲ ಈಗ ಚೆನ್ನಾಗೇ ಇರುತ್ತೆ ನೂರಂದಪ್ಪ. ಬೆಳಿಗ್ಗೆ ಎಂಟಕ್ಕೆ ಹೇಗಿರುತ್ತೆ ಹೇಳು."

"ಬೆಳಿಗ್ಗೆ ಎಂಟಕ್ಕೆ ನಾನು ಅಂಗಡೀನೇ ತೆಗ್ಯಲ್ವಲ್ಲ ಅಕ್ಕ, ನಂಗೆ ಹೆಂಗೆ ಗೊತ್ತಾಗ್ಬೇಕು?" ಅವನ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. "ಎಂಟು ದಿನ ಇಟ್ಕೊಂಡು ನೋಡಿ. ಆಗ್ಲಿಲ್ಲಾಂದ್ರೆ ವಾಪಸ್ ತನ್ನಿ. ಆದ್ರೆ ಸಮಗಳಿಗೇಲೇ ತರ್ಬೇಕು ಮತ್ತೆ."

ಚಕ್ರವಿರುವ, ತಿರುಗುವ, ಸ್ಪಂಜಿನ ಕುರ್ಚಿ ತಂದೆ. ಕೂತರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಹಾಗೆ ಹಿಡಿದುಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಐದನೇ ಗಂಟೆಯ ಹೊತ್ತಿಗೆ ಗುಳ್ಳೆ ಗೆರೆ ಮುಟ್ಟಿತು, ದಮಿ ಎಡಗಡೆ ತೂಗುವ ಹಗ್ಗಕ್ಕೆ ಕೈ ಚಾಚಿದಳು, ಚಾಚಿದ ರಭಸಕ್ಕೆ ಕುರ್ಚಿ ಅವಳನ್ನು ಕೂರಿಸಿಕೊಂಡು ನೇರ ಮೂಡಣದ ಗೋಡೆಗೆ ಹೊರಟುಹೋಯಿತು. ನಿಯಮದ ಪ್ರಕಾರ ಏಳುವ ಹಾಗಿಲ್ಲ. ಕಾಲಿನಲ್ಲೇ ನೆಲ ತಳ್ಳಿಕೊಂಡು ಅವಳು ಏರು ಹತ್ತಿ ಬರುವಷ್ಟರಲ್ಲಿ ಗುಳ್ಳೆ ಗೆರೆ ದಾಟಿತ್ತು. ಅವತ್ತು ಕ್ಷೌರದಂಗಡಿಯಲ್ಲಿ ಗಂಟೆಗಾಗಿ ಕಾಯುತ್ತ ಕೂತಿದ್ದ ಪೋಸ್ಟ್ ಮಾಸ್ತರರ ಮೀಸೆಯ ಒಂದು ತುದಿ ಬೆರಳಗಲ ಕೆಳಗಿಳಿಯಿತು. ಅವರು ತಿಂಗಳಿಡೀ ತಲೆ ವಾಲಿಸಿಕೊಂಡೇ ಓಡಾಡಿದರು. ಶೇಷಗಿರಯ್ಯನವರು ಪುಸ್ತಕದಲ್ಲಿ ಒಂದು ಸೊನ್ನೆ ಸುತ್ತಿದರು. ತಪ್ಪು ಒಂದು.

ಚಕ್ರಗಳನ್ನು ಹಗ್ಗದಿಂದ ಬಿಗಿದು ನೋಡಿದೆವು. ಆಗ ಸ್ಪಂಜು ತಗ್ಗಿನ ಕಡೆಗೇ ಕುಸಿದು ಅವಳ ಸೊಂಟ ಇನ್ನಷ್ಟು ತಿರುಚಿತು. ಬೆತ್ತದ್ದು ತಂದೆ, ಅದೂ ಹಾಗೇ. ಎತ್ತರ ಒರಗಿನದು, ಗಿಡ್ಡ ಒರಗಿನದು, ಕೈಯಿದ್ದದ್ದು, ಕೈಯಿಲ್ಲದ್ದು, ಹತ್ತಿಯ ದಿಂಬು, ಎಲವದ ದಿಂಬು, ಕೊನೆಗೆ ಪೋಸ್ಟ್ ಮಾಸ್ತರರ ಮಾವನವರ ಆರಾಮ ಕುರ್ಚಿಯೂ ಬಂದುಹೋಯಿತು. ಅದರಲ್ಲಿ ದಮಿ ಕೂತಲ್ಲೇ ತೂಕಡಿಸಿ, ನಾಲ್ಕನೇ ಗಂಟೆ ಕೂದಲೆಳೆಯಲ್ಲಿ ಉಳಿಯಿತು.

ಆಗ ನಮ್ಮನೆಯವರಿಗೆ ಒಂದು ಉಪಾಯ ಹೊಳೆಯಿತು. ದೋಸೆ ತಿರುವಿ ಹಾಕುವ ಗತ್ತಿನಲ್ಲಿ ಕೈಯಾಡಿಸುತ್ತ ಹೇಳಿದರು: "ಏನೇ ವೇಣಿ, ಇಷ್ಟು ದಿನ ಸುಮ್ನೆ ಕಾಲು ಸವೆಸ್ದೆ. ಕಾಲಿದ್ರೆ ತಾನೇ ವಾಲೋದು? ಕಾಲೇ ಇಲ್ದ ಕುರ್ಚಿ ಮಾಡು. ಉಯ್ಯಾಲೆ! ಊರು ಹೆಂಗಾದ್ರೂ ವಾಲ್ಲಿ, ಉಯ್ಯಾಲೆ ನೆಟ್ಟಗೆ ನೇತಾಡುತ್ತೆ."

"ಐವತ್ತು ವರ್ಷಕ್ಕೆ ಒಂದು ಬುದ್ಧಿಮಾತು ಬಂತು ನನ್ನ ಮಗನ ಬಾಯಲ್ಲಿ" ಎಂದರು ಅತ್ತೆ ಗೋಡೆಗೊರಗಿಯೇ. ನನಗೂ ಹೌದೆನ್ನಿಸಿತು. ಗಂಟೆಮನೆಯ ತೊಲೆಗೆ ಸರಪಳಿ ಹಾಕಿ ಹಲಗೆ ಕಟ್ಟಿಸಿದೆವು. ಹಲಗೆ ನಿಜವಾಗಿಯೂ ನೆಟ್ಟಗೇ ನಿಂತಿತು. ಆದರೆ ಮೇಜು ಊರಿನ ಜೊತೆ ವಾಲುತ್ತಿತ್ತು. ಬೆಳಿಗ್ಗೆ ಅವಳು ಮೇಜಿನ ಬಲತುದಿಯಲ್ಲಿ, ಸಂಜೆ ಎಡತುದಿಯಲ್ಲಿ. ಬರೆಯಹೋದರೆ ಅಕ್ಷರಗಳು ಜಾತ್ರೆಗೆ ಹೊರಟ ಹಾಗೆ ಓಡುತ್ತಿದ್ದವು. ಎರಡನೇ ದಿನ ಹಗ್ಗ ಎಳೆದಾಗ ಹಗ್ಗದ ಜೊತೆ ಉಯ್ಯಾಲೆಯೂ ಹೋಗಿ, ಗಂಟೆ ಮೂರರ ಬದಲು ಒಂದೇ ಸಲ, ಅದೂ ಮೆತ್ತಗೆ, ಟಣ್ ಎಂದಿತು. ಅರ್ಧ ಊರು ಅದನ್ನು ಗಂಟೆಯೆಂದುಕೊಂಡು ಬೆಣೆ ಎಳೆಯಿತು, ಇನ್ನರ್ಧ ಊರು ಕಾಗೆ ಕೂತಿರಬೇಕೆಂದು ಸುಮ್ಮನಿತ್ತು. ಹೋಟೆಲಿನಲ್ಲಿ ಒಂದೇ ಮೇಜಿನ ಈ ತುದಿಯವರು ಎಳೆದು ಆ ತುದಿಯವರು ಎಳೆಯದೆ ನಮ್ಮನೆಯವರ ಮುಂದೆಯೇ ಒಂದು ಬಕೆಟ್ ಸಾಂಬಾರು ಹೊಳೆಯಾಗಿ ಹರಿಯಿತು. ಅವರು ಮನೆಗೆ ಬಂದು ಉಯ್ಯಾಲೆಯ ಮಾತೇ ಎತ್ತಲಿಲ್ಲ. ತಪ್ಪು ಎರಡು. ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನವಿತ್ತು.

ಅವತ್ತು ಎಣ್ಣೆ ತಿಕ್ಕುವಾಗ ದಮಿ ಮುಖ ಗೋಡೆ ಕಡೆಗೆ ತಿರುಗಿಸಿಕೊಂಡು ಕೇಳಿದಳು. "ಅಮ್ಮ, ಅವ್ರು ಬಿಡಿಸೋ ಮುಂಚೆ ನಾನೇ ಬಿಟ್ಟುಬಿಡ್ಲಾ?"

"ಬೆನ್ನು ನೋವು ಅಷ್ಟಿದೆಯಾ?"

"ನೋವಿಗಲ್ಲ. ಇದೂ ನನ್ನ ಕೈಲಿ ಆಗ್ಲಿಲ್ಲ ಅಂತ ಇನ್ನೊಬ್ರು ಹೇಳೋದು ಬೇಡ ಅಂತ."

ಹೊಲಿಗೆ ಬಿಟ್ಟಾಗ, ಶಿಶುವಿಹಾರ ಬಿಟ್ಟಾಗ ನಾನು ಹೋಗಲಿ ಬಿಡು ಅಂದಿದ್ದೆ. ಈ ಸಲ ಆ ಮಾತು ನನ್ನ ಬಾಯಿಗೆ ಬರಲಿಲ್ಲ. "ಇನ್ನೂ ಒಂಬತ್ತು ದಿನ ಇದೆ ಮಗಳೇ. ಒಂಬತ್ತು ದಿನದಲ್ಲಿ ಹೆಸರುಕಾಳು ಮೊಳಕೆ ಬಂದು ಗಿಡವೇ ಆಗುತ್ತೆ. ಸುಮ್ನೆ ಮಲಕ್ಕೋ" ಎಂದೆ. ಬಾಯಲ್ಲಿ ಹೇಳಿದೆ, ಮನಸ್ಸಿನಲ್ಲಿ ಕುರ್ಚಿಗಳೆಲ್ಲ ಮುಗಿದುಹೋಗಿದ್ದವು. ಬೆಳಿಗ್ಗೆ ಅಡುಗೆಮನೆಯ ಹಳೇ ಕುರ್ಚಿಯನ್ನೇ ಮತ್ತೆ ಕಳಿಸಿದೆ.

ಮಧ್ಯಾಹ್ನ ಸಮಗಳಿಗೆಯಲ್ಲಿ ನಾನೇ ಬುತ್ತಿ ತೆಗೆದುಕೊಂಡು ಹೋದೆ. ಅವಳು ಕೈ ತೊಳೆಯಲು ಕೆಳಗೆ ಹೋದಾಗ ಆ ಕುರ್ಚಿಯ ಮೇಲೆ ಕೂತೆ. ಎದುರಿಗೆ ರಸಮಟ್ಟ, ಎಡಗೈಗೆ ಹಗ್ಗ, ಬಲಗೈಗೆ ಪುಸ್ತಕ, ಎಲ್ಲ ಎಟುಕುವಷ್ಟು ಹತ್ತಿರ. ಬೆನ್ನ ಹಿಂದೆ, ಏಳು ಹೆಜ್ಜೆ ಆಚೆ, ದೊಡ್ಡ ಕಿಟಕಿ. ಆ ಕಿಟಕಿ ನಮ್ಮ ಅಡುಗೆಮನೆಯ ಬಾಗಿಲಿಗೆ ನೇರ ಕಾಣುತ್ತದೆ. ದಮಿ ಕೆಲಸಕ್ಕೆ ಸೇರಿದ ದಿನದಿಂದ ನಾನು ಪಾತ್ರೆ ತೊಳೆಯುವಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದೆ, ಅವಳು ಒಂದು ದಿನವೂ ಕಾಣಿಸಿರಲಿಲ್ಲ. ಬುತ್ತಿಯ ಮುಚ್ಚಳ ಕೈಜಾರಿ ಉರುಳಿತು. ಎತ್ತಿಕೊಳ್ಳಲು ಬಗ್ಗಿದಾಗ ನೆಲ ಕಂಡಿತು. ಕಲ್ಲುಚಪ್ಪಡಿಯಲ್ಲಿ ಮೇಜಿನಿಂದ ಕಿಟಕಿಯವರೆಗೆ ಸವೆದ ಹಳ್ಳ. ಒನಕೆ ಬಿದ್ದ ಒರಳಿನ ಹಾಗೆ ನುಣುಪಾಗಿ, ಹೆಜ್ಜೆಗೊಂದು. ಕಿಟಕಿಯ ಮೇಲೆ ಸೂರಿನಲ್ಲಿ ಗಾರೆ ಮೆತ್ತಿ ಮುಚ್ಚಿದ ಒಂದು ತೂತು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಪಡುವಣದ ಗೋಡೆಗೆ ಆಗ ತಾನೇ ಪ್ರವಾಸ ಬಂದು ಕೂತಿದ್ದರು. "ಹಗ್ಗ ಮೊದಲು ಕಿಟಕೀಲೇ ಇದ್ದದ್ದು. ನಾವು ಲಂಗ ಹಾಕೋ ಕಾಲದಲ್ಲಿ ಗಂಟೆಯೋನು ಒಂದೊಂದು ಗಂಟೆಗೂ ಕಿಟಕಿಗೆ ಬಂದು ಎಳೆದು ಹೋಗೋನು. ನಾವೆಲ್ಲ ಕೈ ಬೀಸೋವ್ರು. ಆಮೇಲೆ ಈ ಶೇಷಗಿರಿ ಬಂದ ನೋಡು, ಚಿಕ್ಕ ಪ್ರಾಯ, ಭಾರೀ ಬುದ್ಧಿವಂತ. ಏಳೋ ಶ್ರಮ ಯಾಕೆ ಅಂತ ಹಗ್ಗಾನ ಕೈಗೇ ತರಿಸ್ಕೊಂಡ. ಊರೆಲ್ಲ ಹೊಗಳಿತು. ಯಾಕೆ, ಏನಾಯ್ತು?"

ಉತ್ತರ ಹೇಳುವಷ್ಟರಲ್ಲಿ ಗಂಟೆಯಾಯಿತು. ನಾನು ರಾಗಿಯ ಮೊರ ಕೆಳಗಿಟ್ಟು ಎದ್ದು ಬೆಣೆ ತಳ್ಳಿ ಬಂದೆ. ಕೂತೆ. ಬೆಕ್ಕು ಬಂತೆಂದು ಎದ್ದೆ. ಕೂತೆ. ಹೂವಿನವಳು ಕೂಗಿದಳು, ಎದ್ದೆ. ಮತ್ತೆ ಕೂತು ಮೊರ ಕೈಗೆತ್ತಿಕೊಂಡಾಗ ಒಮ್ಮೆಲೇ ನಗು ಬಂತು. ಇಪ್ಪತ್ತೈದು ವರ್ಷದಿಂದ ಇದೇ ಗಿಡ್ಡ ಮಣೆಯ ಮೇಲೆ ಕೂತು ರಾಗಿ ಹಸನು ಮಾಡಿದ್ದೇನೆ, ನನ್ನ ಸೊಂಟಕ್ಕೆ ಏನೂ ಆಗಿಲ್ಲ. ಊರಿನವರೆಲ್ಲ ಕುರ್ಚಿ ನೆಟ್ಟಗಿದ್ದರೆ ಸುಖ ಎಂದುಕೊಂಡು ದಿನಕ್ಕೆ ಇಪ್ಪತ್ತೆರಡು ಸಲ ಎದ್ದು ಬೆಣೆ ಸರಿಸುತ್ತೇವೆ. ಸುಖ ಬೆಣೆಯಲ್ಲಿತ್ತೋ, ಏಳುವುದರಲ್ಲಿತ್ತೋ? ಯಾರು ನೋಡಿದ್ದರು?

ಶೇಷಗಿರಯ್ಯನವರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಆಗುವ ಕೆಲಸವಲ್ಲ ಎಂದು ನನಗೆ ಗೊತ್ತಿತ್ತು. ಆ ಹಗ್ಗ ಅವರ ಜೀವಮಾನದ ಹೆಮ್ಮೆ. ಮರುದಿನ ಇಳಿಹೊತ್ತಿಗೆ ಅಕ್ಕಿಹಪ್ಪಳಕ್ಕೆ ಮನೆಗೆ ಕರೆದೆ. ನೀರು, ಬೆಲ್ಲ, ಬೆಣೆ ಕೊಟ್ಟು ಬೆತ್ತದ ಕುರ್ಚಿಯಲ್ಲಿ ಕೂರಿಸಿದೆ. ಅವರು ಬುಸ್ಸೆಂದು ಕೂತು ಕೋಲನ್ನು ಗೋಡೆಗಾನಿಸಿದರು.

"ವೇಣಮ್ಮ, ಮಗಳ ಪರವಾಗಿ ಹೇಳೋದಾದ್ರೆ ಹಪ್ಪಳ ತಿಂದ ಮೇಲೆ ಹೇಳಿ. ನಿಯಮ ನಿಯಮಾನೇ."

"ಅಯ್ಯೋ, ಹಪ್ಪಳ ಕರೀಬೇಕಲ್ಲ ಇನ್ನೂ. ಅಯ್ಯನವ್ರೇ, ಒಂದ್ನಿಮಿಷ, ಆ ಮೇಲಿನ ಗೂಡಲ್ಲಿರೋ ಡಬ್ಬ ಕೊಡ್ತೀರಾ? ನಂಗೆ ಎಟುಕಲ್ಲ."

ಅವರು ಗೊಣಗಿಕೊಂಡು ಎದ್ದು ಕೊಟ್ಟು ಕೂತರು. ಒಂದು ಹಪ್ಪಳ ತಿಂದರು. ಬಾಗಿಲಲ್ಲಿ ಯಾರೋ ಬಂದ ಹಾಗಾಯಿತು, ನೋಡ್ತೀರಾ ಎಂದೆ. ಯಾರೂ ಇರಲಿಲ್ಲ. ಗಂಟೆಯಾಯಿತು. ವಯಸ್ಸಾದವರು ಕೂತಿದ್ದರೆ ಮನೆಯವರೇ ಬಗ್ಗಿ ಬೆಣೆ ತಳ್ಳುವುದು ನಮ್ಮಲ್ಲಿ ವಾಡಿಕೆ. ನಾನು ಹಿಟ್ಟಿನ ಕೈ ತೋರಿಸಿದೆ. ಅವರೇ ಎದ್ದು ತಳ್ಳಿಕೊಂಡರು. ಹಾಲು ಉಕ್ಕುತ್ತಾ ನೋಡಿ ಎಂದೆ. ಅತ್ತೆಗೆ ಒಂದು ಲೋಟ ನೀರು ಕೊಡಿ ಎಂದೆ. ಅತ್ತೆ ಬಾಯಾರಿಕೆಯಿಲ್ಲದಿದ್ದರೂ ನನ್ನ ಮುಖ ನೋಡಿ ಗಟಗಟನೆ ಕುಡಿದು, "ಇನ್ನೊಂದು ಕೊಡಪ್ಪ ಶೇಷಗಿರಿ" ಅಂದರು. ಹೀಗೆ ನಾಲ್ಕು ಗಂಟೆ ಬಾರಿಸುವವರೆಗೆ ಆ ಮನುಷ್ಯರನ್ನು ನೆಟ್ಟಗೆ ಕೂರಲು ಬಿಡಲಿಲ್ಲ.

"ಏನಮ್ಮಾ ಇದು, ಹಪ್ಪಳಕ್ಕೆ ಕರೆದ್ರೋ ಕೂಲಿಗೆ ಕರೆದ್ರೋ?" ಎಂದು ರೇಗಿ ಎದ್ದವರು ಬಾಗಿಲು ದಾಟಿ, ಮೂರು ಮೆಟ್ಟಿಲು ಇಳಿದು, ಬೀದಿಯಲ್ಲಿ ಹತ್ತು ಮಾರು ಹೋಗಿ ಗಕ್ಕನೆ ನಿಂತರು. ಕೈ ನೋಡಿಕೊಂಡರು. ಕೋಲು ನಮ್ಮ ಗೋಡೆಗೇ ಒರಗಿತ್ತು.

ಮೆಲ್ಲಗೆ ವಾಪಸ್ಸು ಬಂದರು. "ಇಷ್ಟು ಹೊತ್ತು ಕೂತ್ರೆ ನಾನು ಯಾರಾದ್ರೂ ಹಿಡ್ಕೊಳ್ದೆ ಏಳೋಕಾಗಲ್ಲ" ಎಂದರು ತಮಗೇ ಹೇಳಿಕೊಳ್ಳುವ ಹಾಗೆ. ಆಮೇಲೆ ನನ್ನನ್ನು ದಿಟ್ಟಿಸಿ, "ಬೇಕೂಂತ ಎಬ್ಬಿಸಿದ್ರಿ ಅಲ್ವಾ?"

"ಹೌದು. ತಪ್ಪು ತಿಳ್ಕೋಬೇಡಿ. ಆ ಹಗ್ಗಾನ ಕಿಟಕಿಗೆ ವಾಪಸ್ ಕಟ್ಟಿಸಿ ಅಯ್ಯನವ್ರೇ. ಕುರ್ಚಿ ಅದೇ ಇರ್ಲಿ. ಗಂಟೆಗೊಂದ್ಸಲ ಎದ್ದು ಏಳು ಹೆಜ್ಜೆ ನಡೀಲಿ, ಬಂದು ಬೆಣೆ ಸರಿಸ್ಕೊಂಡು ಕೂರ್ಲಿ. ಬೇರೇನೂ ಬೇಡ."

"ಏಳು ಹೆಜ್ಜೆ ಹೋಗೋಷ್ಟರಲ್ಲಿ ಗುಳ್ಳೆ ದಾಟಿಹೋಗುತ್ತಲ್ರೀ! ಕಿಟಕಿಯಿಂದ ಗೆರೆ ಕಾಣಲ್ಲ."

"ನನ್ನ ಮಗಳಿಗೆ ಗೆರೆ ಕಾಣ್ಬೇಕಾಗಿಲ್ಲ" ಎಂದೆ.

ಅವರು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂವತ್ತು ವರ್ಷ ಒಬ್ಬರ ಮುಖದಲ್ಲಿ ಹಾದುಹೋಗುವುದನ್ನು ನೋಡುವುದು ಸುಲಭವಲ್ಲ. ನಾನು ಒಳಗೆ ಹೋಗಿ ಉಳಿದ ಹಪ್ಪಳ ಕಟ್ಟಿಕೊಟ್ಟೆ. "ಒಂದು ದಿನ" ಎಂದರು. "ನಾನೇ ಮಟ್ಟದ ಮುಂದೆ ನಿಂತಿರ್ತೀನಿ. ಒಂದು ಕೂದಲಷ್ಟು ತಪ್ಪಿದ್ರೂ ಅದೇ ಮೂರನೇದು."

ದಮಿಗೆ ಹೇಳಿದೆ. "ಅಮ್ಮ, ಚಿಕ್ಕೋಳಿದ್ದಾಗ ಗೊತ್ತಾಗ್ತಿತ್ತು. ಈಗ ಎಷ್ಟೋ ದಿನದಿಂದ ಬರೀ ಬೆನ್ನು ನೋವೇ ಗೊತ್ತಾಗ್ತಿದೆ."

"ಎದ್ದು ನಿಂತ್ಕೋ, ಗೊತ್ತಾಗುತ್ತೆ. ಅಂಗಾಲಲ್ಲಿ ತಾನೇ ನಿನಗೆ ಗೊತ್ತಾಗ್ತಿದ್ದಿದ್ದು? ಕೂತ್ಕೊಂಡ್ರೆ ಅಂಗಾಲು ಏನು ಮಾಡುತ್ತೆ ಪಾಪ."

ಹಗ್ಗವನ್ನು ಕಿಟಕಿಗೆ ಕಟ್ಟಿಸಿದ ದಿನ ನಾನು ಬೆಳಿಗ್ಗೆಯಿಂದ ಅಡುಗೆಮನೆಯ ಬಾಗಿಲು ಬಿಟ್ಟು ಕದಲಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮೊದಲ ಗಂಟೆಗೆ ಕಿಟಕಿಯಲ್ಲಿ ಅವಳ ಹಸಿರು ಸೀರೆ ಕಂಡಿತು. ಮೂರು ಬಡಿತ. ಬೀದಿಯಲ್ಲೆಲ್ಲ ಬೆಣೆ ಎಳೆಯುವ ಕಿರುಗುಟ್ಟುವ ಸದ್ದು. ಎರಡು, ಮೂರು, ನಾಲ್ಕು. ಪ್ರತಿ ಸಲ ಬರುತ್ತಿದ್ದಳು, ಎಳೆಯುತ್ತಿದ್ದಳು, ಹೋಗುತ್ತಿದ್ದಳು. ಎಂಟನೆಯದಕ್ಕೆ ಕಿಟಕಿಗೆ ಬಂದು ಹಗ್ಗ ಹಿಡಿದವಳು ಹಾಗೇ ನಿಂತುಬಿಟ್ಟಳು.

ನಾನು ಸೌಟು ಹಿಡಿದು ಕಾದೆ. ಅವಳು ಎಳೆಯಲಿಲ್ಲ. ಬೀದಿಯಲ್ಲಿ ಓಡಾಡುವವರು ನಿಂತು ಮೇಲೆ ನೋಡತೊಡಗಿದರು. ಕ್ಷೌರದವನು ಕತ್ತರಿ ಹಿಡಿದು ಹೊರಗೆ ಬಂದ, ಅವನ ಹಿಂದೆ ಅರ್ಧ ಗಡ್ಡದ ಗಿರಾಕಿ. ಹೋಟೆಲಿನ ಜಗುಲಿಯಲ್ಲಿ ನಮ್ಮನೆಯವರು, ಕೈಯಲ್ಲಿ ಹಿಟ್ಟಿನ ಬಟ್ಟಲು. "ಮರೆತಳೇನೇ?" ಎಂದರು ಅತ್ತೆ ಒಳಗಿನಿಂದ. "ಎಳಿಯಮ್ಮಾ ಹಗ್ಗ!" ಎಂದು ಯಾರೋ ಕೂಗಿದರು. ನನಗೂ ಕೂಗಬೇಕೆನ್ನಿಸಿತು. ಬಾಯಿಗೆ ಸೆರಗು ಒತ್ತಿಕೊಂಡೆ. ಅವಳು ಮಗುವಾಗಿದ್ದಾಗ ಹೊಸಿಲು ದಾಟಲು ಒಂದು ಕಾಲೆತ್ತಿ ಹೀಗೇ ನಿಂತಿದ್ದಳು, ಅವತ್ತೂ ನಾನು ಕೈ ಕೊಟ್ಟಿರಲಿಲ್ಲ.

ಟಣ್. ಟಣ್. ಟಣ್.

ಆಮೇಲೆ ಶೇಷಗಿರಯ್ಯನವರೇ ನಮ್ಮ ಜಗುಲಿಯಲ್ಲಿ ನಿಂತು ಅದನ್ನು ಬೀದಿಗೆಲ್ಲ ಹೇಳಿದರು. ಎಂಟನೇ ಗೆರೆಯ ಹತ್ತಿರ ಗುಳ್ಳೆ ಬಂದು, ಮುಟ್ಟದೆ, ಹಿಂದೆ ಹೋಗಿ, ಮತ್ತೆ ಬಂತಂತೆ. ವರ್ಷದಲ್ಲಿ ಒಂದೆರಡು ಸಲ ಹಾಗೆ ಆಟವಾಡುತ್ತದಂತೆ. "ನಾನಾಗಿದ್ರೆ ಎಳೆದುಬಿಡ್ತಿದ್ದೆ, ಎಷ್ಟೋ ಸಲ ಎಳೆದೂ ಇದ್ದೀನಿ. ಈ ಹುಡುಗಿ ಬೆನ್ನು ಮಾಡಿ ನಿಂತಿದ್ಳು, ಕಣ್ಣು ಬೇರೆ ಮುಚ್ಕೊಂಡಿದ್ಳು. ಗುಳ್ಳೆ ಗೆರೆ ಮೇಲೆ ಕೂತ ಕ್ಷಣಕ್ಕೆ ಎಳೆದ್ಳು ನೋಡಿ!" ಎನ್ನುವಾಗ ಅವರು ಕೋಲನ್ನು ಗಾಳಿಯಲ್ಲಿ ಬೀಸುತ್ತಿದ್ದರು, ಊರುತ್ತಿರಲಿಲ್ಲ.

ಇಪ್ಪತ್ತೆರಡನೇ ಗಂಟೆ ಬಾರಿಸಿ ದಮಿ ಮನೆಗೆ ಬಂದಳು. ಚೌಕಟ್ಟು ಹಿಡಿಯಲಿಲ್ಲ. ಎಣ್ಣೆಯ ಬಟ್ಟಲು ಒಲೆಯ ಮೇಲಿಟ್ಟಿದ್ದೆ, ಅದನ್ನು ನೋಡಿ ನಕ್ಕು, "ನಾಳೆ ಅದರಲ್ಲಿ ಅಯ್ಯನವ್ರ ಸೊಂಟ ತಿಕ್ಕು" ಎಂದು ಉಪ್ಪು ಕಹಿಯಾದ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡಳು.

ತಿಂಗಳು ಕಳೆದು ಕೆಲಸ ಖಾಯಂ ಆಯಿತು. ನೂರಂದಪ್ಪ ಇವತ್ತಿಗೂ ಸಿಕ್ಕಾಗಲೆಲ್ಲ ಗುಟ್ಟಾಗಿ ಕೇಳುತ್ತಾನೆ, "ನಿಜ ಹೇಳಿ ವೇಣಕ್ಕ, ಆ ಕುರ್ಚಿ ಯಾವ ಅಂಗಡೀದು?" ಅಟ್ಟದ ಡಬ್ಬ ಇಳಿಸಲು ಈಗ ನನಗೆ ಕುರ್ಚಿಯಿಲ್ಲ, ಶೇಷಗಿರಯ್ಯನವರು ಸಂಜೆ ಹಪ್ಪಳಕ್ಕೆ ಬಂದಾಗ ಅವರ ಕೈಯಲ್ಲೇ ಇಳಿಸಿಕೊಳ್ಳುತ್ತೇನೆ. ಬೀದಿಯ ಮಕ್ಕಳು ಕಿಟಕಿಯ ಕೆಳಗೆ ಕಾದು ಕೈ ಬೀಸುತ್ತಾರೆ, ಅತ್ತೆಯೂ ಗೋಡೆ ಬದಲಿಸುವಾಗ ಬಾಗಿಲಿಗೆ ಬಂದು ಒಮ್ಮೆ ಬೀಸುತ್ತಾರೆ. ಬೇರೆ ತಾಯಂದಿರ ಮಕ್ಕಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಗೇ ಮುಖ ಕಾಣುವುದು. ನನ್ನವಳು ದಿನಕ್ಕೆ ಇಪ್ಪತ್ತೆರಡು ಸಲ ಕಿಟಕಿಗೆ ಬಂದು ಹಗ್ಗ ಹಿಡಿಯುತ್ತಾಳೆ, ಎಳೆಯುವ ಮುಂಚೆ ನಮ್ಮ ಅಡುಗೆಮನೆಯ ಕಡೆ ಒಮ್ಮೆ ನೋಡುತ್ತಾಳೆ. ಈಗ ನನಗೂ ಅಷ್ಟಿಷ್ಟು ಗೊತ್ತಾಗತೊಡಗಿದೆ. ಗಂಟೆಗೆ ಒಂದು ಉಸಿರು ಮುಂಚೆಯೇ ಪಾತ್ರೆ ಕೆಳಗಿಟ್ಟು, ಕೈ ಒರೆಸಿಕೊಂಡು, ಬಾಗಿಲಲ್ಲಿ ನಿಂತಿರುತ್ತೇನೆ.